ಮೋಸ್ತಾರ್ ಸುತ್ತ ಒಂದು ಹಗಲು

ಬೋಸ್ನಿಯಾದ ಮೋಸ್ತಾರಿನ ಹಳೆ ಸೇತುವೆಯನ್ನು ಬೆಳಗ್ಗೆ 7ಕ್ಕೆ ನೋಡಬೇಕು, ತಪ್ಪಿದರೆ ಸಂಜೆ. ಪಕ್ಕದ ಕ್ರೊಯೇಶಿಯಾದ ದುಬ್ರೋವ್ನಿಕ್, ಸ್ಪ್ಲಿತ್ ಕಡೆಯ ಟೂರಿಸ್ಟ್ ಬಸ್ಸುಗಳು ಬಂದು ನಿಂತ ಮೇಲೆ ಅಲ್ಲಿ ಜಾತ್ರೆಯ ನೂಕುನುಗ್ಗಲು. ಹಿಂದಿನ ರಾತ್ರಿಯೇ ಮೋಸ್ತಾರಿನಲ್ಲಿ ಉಳಿದುಕೊಂಡರೆ ಬೆಳಗಿನ ಸೇತುವೆ, ಆಮೇಲೆ ಬ್ಲಾಗಾಯ್, ಸ್ತೋಲಾತ್ಸ್, ಪೊಚಿತೆಲ್ ಸುತ್ತಿ ಸಂಜೆಗೆ ಮತ್ತೆ ಅದೇ ಸೇತುವೆ, ಇಷ್ಟೂ ಒಂದೇ ಹಗಲಿಗೆ ಆಗುತ್ತದೆ. ಒಟ್ಟು ಸುಮಾರು 100 ಕಿ.ಮೀ. ಬಸ್ಸನ್ನು ನಂಬಿದರೆ ಮೂರರಲ್ಲಿ ಒಂದೂರು ಕೈತಪ್ಪುವುದು ಬಹುತೇಕ ಖಚಿತ. ಬಾಡಿಗೆ ಕಾರು ಅಥವಾ ದಿನದ ಲೆಕ್ಕದ ಟ್ಯಾಕ್ಸಿಯೇ ಸರಿ.

ಹೊರಡುವ ಮೊದಲು ವೀಸಾ ಸ್ಟಿಕ್ಕರ್ ಇನ್ನೊಮ್ಮೆ ನೋಡಿಕೊಳ್ಳಿ. ಕ್ರೊಯೇಶಿಯಾ 2023ರ ಜನವರಿಯಿಂದ ಷೆಂಗೆನ್ (ಒಂದೇ ವೀಸಾದ ಯುರೋಪ್ ದೇಶಗಳ ಕೂಟ) ಒಳಗಿದೆ, ಬೋಸ್ನಿಯಾ ಹೊರಗೆ. ಭಾರತದ ಪಾಸ್‌ಪೋರ್ಟಿನಲ್ಲಿ ಇರುವುದು ಒಂದೇ ಪ್ರವೇಶದ ಷೆಂಗೆನ್ ವೀಸಾ ಆದರೆ, ಮೋಸ್ತಾರಿಗೆ ಬಂದವರು ದುಬ್ರೋವ್ನಿಕ್‌ಗೆ ಮರಳುವ ದಾರಿ ಮುಚ್ಚಿತು ಎಂದೇ ಅರ್ಥ. ದುಡ್ಡಿನ ವಿಷಯ ಇಷ್ಟು ಗಂಭೀರವಲ್ಲ. ಇಲ್ಲಿಯದು ಮಾರ್ಕ್, 1 ಯೂರೋಗೆ 1.95583 ಮಾರ್ಕ್ ಎಂದು ದರ ಕಟ್ಟಿಬಿಟ್ಟಿದ್ದಾರೆ. ಹಳೆ ಪೇಟೆಯ ಅಂಗಡಿಗಳು ಯೂರೋವನ್ನೂ ತೆಗೆದುಕೊಳ್ಳುತ್ತವೆ, ಅದೂ ಒಂದಕ್ಕೆ ಎರಡರ ಲೆಕ್ಕದಲ್ಲಿ. ಲಾಭ ಗಿರಾಕಿಗೇ, ಚಿಲ್ಲರೆಯಷ್ಟು. ಹಳ್ಳಿಗಳ ಕಡೆ, ಪಾರ್ಕಿಂಗ್‌ಗೆ ಮಾರ್ಕ್ ನಾಣ್ಯ ಜೇಬಿನಲ್ಲಿರಲಿ.

ಸೇತುವೆ ಹತ್ತುವಾಗ ಕಣ್ಣು ನೆಲದ ಮೇಲಿರಲಿ. ಹಾಸುಗಲ್ಲು ಓಡಾಟಕ್ಕೆ ಸವೆದು ಗಾಜಿನಂತಾಗಿದೆ. ಅಡ್ಡಡ್ಡ ಕೊಟ್ಟಿರುವ ಕಲ್ಲಿನ ಪಟ್ಟಿಗಳ ಮೇಲೆ ಹಿಮ್ಮಡಿ ಆತುಕೊಂಡರೆ ಜಾರುವುದಿಲ್ಲ. ಚಪ್ಪಟೆ ಅಡಿಯ ಚಪ್ಪಲಿ ಬೇಡವೇ ಬೇಡ. ಒಟ್ಟೊಮನ್ ಸುಲ್ತಾನ್ ಸುಲೇಮಾನನ ಆಜ್ಞೆಯಂತೆ ವಾಸ್ತುಶಿಲ್ಪಿ ಮಿಮಾರ್ ಹೈರುದ್ದೀನ್ 1566ರಲ್ಲಿ ಮುಗಿಸಿದ ಒಂಟಿ ಕಮಾನು ಇದು, ದಡದಿಂದ ದಡಕ್ಕೆ ಸುಮಾರು 29 ಮೀಟರ್. ಆದರೆ ಈಗ ಕಾಲಡಿಯಲ್ಲಿರುವ ಕಮಾನು ಹೈರುದ್ದೀನನದಲ್ಲ. ಅವನದು ಬೋಸ್ನಿಯಾ ಯುದ್ಧದ ನಡುವೆ, 1993ರ ನವೆಂಬರ್ 9ರಂದು ಬೋಸ್ನಿಯಾದ ಕ್ರೋಟ್ ಪಡೆಯ ಶೆಲ್ಲುಗಳಿಗೆ ಕುಸಿದು ನೆರೆತ್ವಾ ನದಿಗೆ ಬಿತ್ತು. ಆಮೇಲೆ ಊರ ಹತ್ತಿರದ ಅದೇ ತೆನೆಲಿಯಾ ಸುಣ್ಣಕಲ್ಲು ತಂದು, ಕಲ್ಲಿಗೆ ಕಲ್ಲನ್ನು ಕಬ್ಬಿಣದ ಕೊಂಡಿಯಿಂದ ಬಿಗಿದು, ಸಂದಿಗೆ ಕರಗಿದ ಸೀಸ ಹೊಯ್ದು ಹಳೆಯ ಕ್ರಮದಲ್ಲೇ ಕಟ್ಟಿದರು. 2004ರ ಜುಲೈ 23ರಂದು ತೆರೆಯಿತು. ಇಲ್ಲಿ ಹಳೆಯದು ಎನ್ನುವ ಪ್ರತಿಯೊಂದರ ಮುಂದೆಯೂ ‘ಯಾವಾಗ ಮತ್ತೆ ಕಟ್ಟಿದ್ದು?’ ಎಂದು ಕೇಳಿಕೊಳ್ಳುವುದು ಒಳ್ಳೆಯದು.

8ಕ್ಕೆ ಹೊರಟರೆ 12 ಕಿ.ಮೀ. ದೂರದ ಬ್ಲಾಗಾಯ್‌ಗೆ ಅರ್ಧ ಗಂಟೆಯೂ ಬೇಡ. ಸುಮಾರು 200 ಮೀಟರ್ ಎತ್ತರದ ಬಂಡೆಯ ಬುಡದ ಗುಹೆಯಿಂದ ಬೂನಾ ನದಿ ಇಡಿಯಾಗಿಯೇ ಹೊರಬರುತ್ತದೆ, ಅದರ ಬಾಯಲ್ಲೇ ಸೂಫಿ ದರ್ವೇಶಿಗಳ ಮನೆ. ಒಳಗೆ ಹೋಗಲು ಚಪ್ಪಲಿ ಬಿಡಬೇಕು, ಹೆಂಗಸರು ತಲೆಗೆ ಬಟ್ಟೆ ಹೊದೆಯಬೇಕು. ಫೋಟೋಕ್ಕೆ ಮಾತ್ರ ಎದುರು ದಡವೇ ಬೇಕು, ಮನೆಯ ಮುಂದೆ ನಿಂತರೆ ಬಂಡೆಯ ಎತ್ತರ ಚೌಕಟ್ಟಿನೊಳಗೆ ಬರುವುದಿಲ್ಲ.

ಅಲ್ಲಿಂದ ಸ್ತೋಲಾತ್ಸ್ ದಾರಿ. ಊರಿಗೆ 3 ಕಿ.ಮೀ. ಮೊದಲೇ, ರಸ್ತೆಯ ಪಕ್ಕದಲ್ಲೇ ರಾದಿಮ್ಲ್ಯಾ. ಬಹಳ ಜನ ಗಾಡಿ ನಿಲ್ಲಿಸದೆ ಹೋಗುವ ಜಾಗ. ನಮ್ಮ ಪ್ರಕಾರ ಇಡೀ ದಿನಕ್ಕೆ ಇದೇ ತೂಕದ್ದು. ಸ್ಟೆಚಾಕ್ ಎಂದು ಕರೆಯುವ ಮಧ್ಯಯುಗದ ಸಮಾಧಿ ಕಲ್ಲುಗಳು, 133 ಇವೆ. 2016ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಕೆಲವು ಬರೀ ಚಪ್ಪಡಿ, ಕೆಲವು ಮನೆಯ ಮಾಡಿನ ಆಕಾರ. ಅವುಗಳ ಮೇಲಿನ ಕೆತ್ತನೆಯಲ್ಲಿ ಗಂಡಸೊಬ್ಬ ಬಲಗೈ ಎತ್ತಿ ನಿಂತಿದ್ದಾನೆ. ಅಂಗೈ ಮೈಯ ಅಳತೆಗೆ ಅತಿಯಾಗಿ ದೊಡ್ಡದು, ಬೆರಳು ಬಿಡಿಸಿದೆ. ಕನ್ನಡ ನಾಡಿನವರಿಗೆ ಇದನ್ನು ಕಂಡೊಡನೆ ಮಾಸ್ತಿಗಲ್ಲು ನೆನಪಾಗದೆ ಇರದು: ಕಂಬದಿಂದ ಚಾಚಿ, ಮೊಣಕೈಯಲ್ಲಿ ಮಡಚಿ ಮೇಲೆತ್ತಿದ ಆ ಬಳೆಯ ಕೈ. ಎರಡಕ್ಕೂ ಸಂಬಂಧವೇನೂ ಇಲ್ಲ. ನಮ್ಮಲ್ಲಿ ಕೈ ಸತಿಹೋದವಳದ್ದೆಂದು ಗೊತ್ತು. ಇಲ್ಲಿಯದು ವಂದನೆಯೋ ಪ್ರಾರ್ಥನೆಯೋ ಆಣೆಯೋ, ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಕೆತ್ತನೆ ಆಳವಿಲ್ಲದ್ದು. ನಡುಮಧ್ಯಾಹ್ನದ ಬಿಸಿಲು ಬಿದ್ದರೆ ಗೆರೆಗಳೇ ಮಾಯ, ಬಿಸಿಲು ಓರೆಯಾಗಿರುವ 10ರೊಳಗೆ ತಲುಪಿದರೆ ದ್ರಾಕ್ಷಿಬಳ್ಳಿಯ ಅಂಚೂ ಬಿಲ್ಲುಬಾಣವೂ ಎದ್ದು ಕಾಣುತ್ತವೆ. ಈ ಕಲ್ಲುಗಳನ್ನು ಯಾರೂ ಮತ್ತೆ ಕಟ್ಟಿಲ್ಲ.

ಇನ್ನೊಂದು ಮಾತು. ಈ ಸೀಮೆಯಲ್ಲಿ ಬುರುಡೆ ಚಿತ್ರದ ಕೆಂಪು ಫಲಕ ಕಂಡರೆ ಅಲ್ಲಿ ಯುದ್ಧಕಾಲದ ನೆಲಬಾಂಬಿನ ಭಯವಿದೆ ಎಂದರ್ಥ. ಜನ ನಡೆದಾಡುವ ದಾರಿ ಬಿಟ್ಟು ಪೊದೆಗೆ, ಪಾಳುಮನೆಗೆ ಕಾಲಿಡಬೇಡಿ.

ಊಟಕ್ಕೆ ಸ್ತೋಲಾತ್ಸ್. ಸಸ್ಯಾಹಾರಿಗಳು ಎಡವುವುದು ‘ಬುರೆಕ್’ ಎಂಬ ಹೆಸರಿನಲ್ಲಿ, ತೆಳು ಹಿಟ್ಟಿನ ಹಾಳೆಯಲ್ಲಿ ಹೂರಣ ಸುತ್ತಿ ಬೇಯಿಸಿದ ತಿಂಡಿ. ಬೇರೆ ದೇಶಗಳಲ್ಲಿ ಚೀಸ್ ಬುರೆಕ್ ತಿಂದವರು ಇಲ್ಲೂ ಹಾಗೇ ಕೇಳುತ್ತಾರೆ. ಬೋಸ್ನಿಯಾದಲ್ಲಿ ಬುರೆಕ್ ಎಂದರೆ ಮಾಂಸದ್ದು ಮಾತ್ರ. ಉಳಿದವೆಲ್ಲ ಪಿತಾ: ಚೀಸಿನದು ಸಿರ್ನಿತ್ಸಾ, ಸೊಪ್ಪಿನದು ಜೆಲ್ಯಾನಿತ್ಸಾ, ಆಲೂಗಡ್ಡೆಯದು ಕ್ರೊಂಪಿರುಷಾ. ‘ಬೆಜ್ ಮೇಸಾ’ ಎಂದರೆ ಮಾಂಸ ಬೇಡ. ಜೊತೆಗೆ ಲೋಟದಲ್ಲಿ ಕೊಡುವ ಮೊಸರು ನಮ್ಮ ಗಟ್ಟಿ ಮಜ್ಜಿಗೆಯ ಹಾಗೆ.

ಪೊಚಿತೆಲ್‌ಗೆ 4ರ ನಂತರ ಹೋಗಿ. ನೆರೆತ್ವಾದ ಎಡದಂಡೆಯ ಇಳಿಜಾರಿನ ಕೋಟೆಯೂರು, ಮುಖ ಪಡುವಣಕ್ಕೆ. ಇಳಿಬಿಸಿಲಿಗೆ ಕಲ್ಲೆಲ್ಲ ಜೇನುಬಣ್ಣ. ಬೇಸಿಗೆಯ ಮಧ್ಯಾಹ್ನ ಈ ಮೆಟ್ಟಿಲು ಹತ್ತಿದವರು ಕೋಟೆ ನೋಡುವುದಿಲ್ಲ, ನೆರಳು ಹುಡುಕುತ್ತಾರೆ. ಕೆಳಗೆ ಹೆಂಗಸರು ಮಾರುವ ದಾಳಿಂಬೆ ರಸವನ್ನು ಇಳಿದು ಬಂದ ಮೇಲೆ ಕುಡಿಯುವುದು ಜಾಣತನ. ಹಾಜಿ ಅಲಿಯಾ ಮಸೀದಿ 16ನೇ ಶತಮಾನದ್ದು, 1993ರಲ್ಲಿ ಹಾಳಾಗಿ ಮತ್ತೆ ಎದ್ದದ್ದು.

ಮೋಸ್ತಾರ್ ಇಲ್ಲಿಂದ 30 ಕಿ.ಮೀ. ಸಂಜೆ ಸೇತುವೆಯ ಮೇಲೆ ಹೋಗದೆ, ಕೆಳಹರಿವಿನ ಲೂಚ್ಕಿ ಸೇತುವೆಯಲ್ಲಿ ನಿಂತು ಉತ್ತರಕ್ಕೆ ನೋಡಿ. ಕಮಾನು ಪೂರ್ತಿ ಕಾಣುವುದು ಅಲ್ಲಿಂದ. ಮೇಲೆ ಈಜುಡುಗೆಯ ಹುಡುಗನೊಬ್ಬ ಕೈಪಿಡಿಗೋಡೆ ದಾಟಿ ನಿಂತು ಇನ್ನೇನು ಹಾರುತ್ತಾನೆ ಎನಿಸಿದರೆ ಕ್ಯಾಮೆರಾ ಎತ್ತಬೇಡಿ, ಕೈ ಸೋಲುತ್ತದೆ. ಜೊತೆಗಾರ ಜನರ ನಡುವೆ ದುಡ್ಡು ಕೂಡಿಸುತ್ತಿರುತ್ತಾನೆ. ಬೇಸಿಗೆಯಲ್ಲೂ ನದಿ ಕೊರೆಯುತ್ತದೆ, ಜಿಗಿತ 20 ಮೀಟರಿಗೂ ಮೇಲೆ. ಅವನು ಮೈಗೆ ತಣ್ಣೀರು ಸುರಿದುಕೊಂಡನೆಂದರೆ ಹಣ ಸೇರಿತು, ಆಗ ಎತ್ತಿ.