ಇವನು ಹುಟ್ಟಿದಾಗಿನಿಂದ

"ಎಷ್ಟು ವರ್ಷದಿಂದ ಇದೆಯಮ್ಮಾ?" ಎಂದು ಸರ್ಜನ್ ಕೇಳಿದರು. ಅಮ್ಮ ನನ್ನತ್ತ ನೋಡದೆ, "ಇವನು ಹುಟ್ಟಿದಾಗಿನಿಂದ" ಎಂದಳು. ನನಗೀಗ 26.

ಸೋಮವಾರದಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ. ಬಸುರಿನಲ್ಲಿ ಕಾಣಿಸಿಕೊಳ್ಳುವ ಮೂಲವ್ಯಾಧಿ ಹೆರಿಗೆಯ ನಂತರ ಎಷ್ಟೋ ಹೆಂಗಸರಿಗೆ ತಾನಾಗಿ ತಗ್ಗುತ್ತದೆ. ಅಮ್ಮನಿಗೆ ತಗ್ಗಲಿಲ್ಲ, ಅವಳು ಯಾರಿಗೂ ಹೇಳಲೂ ಇಲ್ಲ. ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ 7ಕ್ಕೆ ಇಳಿದು, ದೇವರ ಮನೆಯ ಹೊಸ್ತಿಲಲ್ಲಿ ಕುಸಿದಾಗಲೇ ನಮಗೆ ತಿಳಿದದ್ದು. ಮದುವೆಮನೆಗಳಲ್ಲಿ ಪಂಕ್ತಿಗೆ ಕೂರದೆ ಕೊನೆಯವರೆಗೂ ಬಡಿಸುತ್ತಾ ಓಡಾಡುತ್ತಿದ್ದಳು. ಬಡಿಸುವುದೆಂದರೆ ಅವಳಿಗೆ ಪ್ರೀತಿ ಎಂದು ನಾವೆಲ್ಲ ನಂಬಿದ್ದೆವು. 30 ವರ್ಷ ಜೊತೆಗಿದ್ದ ಅಪ್ಪನೂ! ಅಪ್ಪನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಮೇಲಿನದೂ.

ಮೊದಲೇ ಬಂದಿದ್ದರೆ ರಬ್ಬರ್ ಬ್ಯಾಂಡ್ ಸಾಕಾಗುತ್ತಿತ್ತಂತೆ. ಗಂಟಿನ ಬುಡಕ್ಕೆ ಬಿಗಿದರೆ ರಕ್ತ ಸಿಗದೆ ಬಾಡಿ, ವಾರ ಹತ್ತು ದಿನದಲ್ಲಿ ಉದುರಿಹೋಗುತ್ತದೆ. ಅರಿವಳಿಕೆ ಬೇಡ, ಅಂದೇ ಮನೆಗೆ ಹೋಗಬಹುದು. ಅಮ್ಮನದು ನಾಲ್ಕನೇ ಹಂತ, ತಳ್ಳಿದರೂ ಒಳಗೆ ಹೋಗದ್ದು. ಸೋದರಮಾವ ಲೇಸರ್ ಎಂದು ಹಟ ಹಿಡಿದರು. ಒಳ್ಳೆಯ ಮನುಷ್ಯರೇ, ಆದರೆ ಗೋಡೆಯ ಮೇಲಿನ ಜಾಹೀರಾತನ್ನು ವೈದ್ಯರಿಗಿಂತ ಹೆಚ್ಚು ನಂಬುತ್ತಾರೆ. ಇಷ್ಟು ದೊಡ್ಡದಾಗಿ ಹೊರಗೆ ಇಳಿದದ್ದಕ್ಕೆ ಲೇಸರ್ ಸಾಲದೆಂದು ಸರ್ಜನ್ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಉಳಿದದ್ದು ಎರಡು. ಸ್ಟೇಪ್ಲರ್‌ನಲ್ಲಿ ಗಂಟುಗಳನ್ನು ಮೇಲಕ್ಕೆಳೆದು ಪಿನ್ ಹಾಕುತ್ತಾರೆ. ನೋವು ಕಡಿಮೆ, ಮರುಕಳಿಸುವ ಸಾಧ್ಯತೆ ಹೆಚ್ಚು. ಇನ್ನೊಂದು, 1937ರಲ್ಲಿ ಲಂಡನ್ನಿನ ಮಿಲಿಗನ್ ಮತ್ತು ಮಾರ್ಗನ್ ವಿವರಿಸಿದ ಹಳೆಯ ವಿಧಾನ: ಗಂಟುಗಳನ್ನು ಕತ್ತರಿಸಿ ಗಾಯವನ್ನು ತೆರೆದೇ ಬಿಡುವುದು. ಮಾಯಲು ವಾರಗಳೇ ಬೇಕು, ಮೊದಲ ದಿನಗಳಲ್ಲಿ ಮಲವಿಸರ್ಜನೆಯೇ ಯಾತನೆ; ಆದರೆ ಮತ್ತೆ ಬರುವುದು ಕಡಿಮೆ.

ನಾವೆಲ್ಲ ಚರ್ಚಿಸುತ್ತಿದ್ದೆವು. ಸರ್ಜನ್ ಮಾತ್ರ ಅಮ್ಮನನ್ನೇ ಕೇಳಿದರು. ಆ ಒಂದು ಕಾರಣಕ್ಕೆ ನಾನು ಅವರನ್ನು ಎಂದಿಗೂ ಮರೆಯುವುದಿಲ್ಲ.

"ಮತ್ತೆ ಬರುವುದು ಬೇಡ" ಎಂದಳು ಅಮ್ಮ.

ಬುಧವಾರ ಆಪರೇಷನ್ ಆಯಿತು. ದಿನಕ್ಕೆ ಮೂರು ಸಲ ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರಬೇಕು. ನಿನ್ನೆಯವರೆಗೂ ಹಲ್ಲು ಕಚ್ಚಿಕೊಂಡು, ನಾನು ನೀರು ತಂದರೆ "ಅಲ್ಲಿಟ್ಟು ಹೋಗು" ಎನ್ನುತ್ತಿದ್ದಳು. ಇಂದು ಬೆಳಿಗ್ಗೆ ಬಚ್ಚಲಿನಿಂದ ಗಟ್ಟಿಯಾಗಿ ಕೂಗಿದಳು: "ತುಂಬಾ ನೋಯುತ್ತಿದೆ ಕಣೋ. ಇನ್ನೊಂದು ಚೊಂಬು ಬಿಸಿನೀರು ತಾ."