ಶಂಕರಪಾಳಿ ಆಕಾರದ ನಾಣ್ಯ

ನ್ಯೂವಾರ್ಕ್ ಅಂದ ಕೂಡಲೇ ಊರಲ್ಲಿ ಎಲ್ಲರೂ ಅಮೆರಿಕ ಅಂದುಕೊಳ್ಳುತ್ತಾರೆ. ನಾವಿರುವುದು ಇಂಗ್ಲೆಂಡಿನ ನ್ಯೂವಾರ್ಕಿನಲ್ಲಿ. ನಾಟಿಂಗ್‌ಹ್ಯಾಮ್‌ಶೈರ್ ಸೀಮೆ, ಟ್ರೆಂಟ್ ನದಿಯ ದಂಡೆ. ಕಲ್ಲು ಹಾಸಿದ ಸಂತೆ ಚೌಕ, ಎತ್ತರದ ಗೋಪುರದ ಚರ್ಚು, ನದಿಗೆ ಮುಖ ಮಾಡಿ ನಿಂತ ಪಾಳುಬಿದ್ದ ಕೋಟೆ. ಬಂದ ಹೊಸತರಲ್ಲಿ ಇದು ರೈಲು ಬದಲಿಸುವ ಊರು ಅಷ್ಟೇ ಅಂದುಕೊಂಡಿದ್ದೆ. ಆ ಎಣಿಕೆಯನ್ನು ಕೆಡವಿದ್ದು ಒಂದು ನಾಣ್ಯ.

ಇಲ್ಲಿ ನ್ಯಾಷನಲ್ ಸಿವಿಲ್ ವಾರ್ ಸೆಂಟರ್ ಎಂಬ ವಸ್ತುಸಂಗ್ರಹಾಲಯವಿದೆ. ಟ್ಯೂಡರ್ ಕಾಲದ ಹಳೇ ಶಾಲೆಯ ಕಟ್ಟಡದಲ್ಲಿ 2015ರಲ್ಲಿ ತೆರೆದದ್ದು. ಮಗಳನ್ನು ಕರೆದುಕೊಂಡು ಹೋಗಿದ್ದಾಗ ಗಾಜಿನೊಳಗಿನ ಬೆಳ್ಳಿಯ ತುಣುಕನ್ನು ನೋಡಿ ಅವಳು, "ಅಮ್ಮಾ, ಶಂಕರಪಾಳಿ!" ಎಂದು ಕೂಗಿಬಿಟ್ಟಳು. ಹೌದು, ಥೇಟ್ ಶಂಕರಪಾಳಿ. ಗುಂಡಗಿಲ್ಲ, ಓರೆ ಚೌಕ. ಒಂದು ಬದಿಯಲ್ಲಿ ಕಿರೀಟ, ಅದರ ಅಕ್ಕಪಕ್ಕ ರಾಜ ಚಾರ್ಲ್ಸನ ಹೆಸರಿನ ಎರಡು ಅಕ್ಷರ, ಕೆಳಗೆ ರೋಮನ್ ಅಂಕಿಯಲ್ಲಿ ಬೆಲೆ. ಇನ್ನೊಂದು ಬದಿಯಲ್ಲಿ ಮುತ್ತಿಗೆಗೆ ಸಿಕ್ಕ ನ್ಯೂವಾರ್ಕ್ ಎಂಬರ್ಥದ ಮಾತು ಮತ್ತು ಇಸವಿ. 30 ಪೆನ್ಸ್, 12, 9, 6, ಹೀಗೆ ನಾಲ್ಕು ಬಗೆ.

ಹಿಟ್ಟು ಲಟ್ಟಿಸಿ ಓರೆಯಾಗಿ ಗೆರೆ ಎಳೆದರೆ ಚೂರೂ ವ್ಯರ್ಥವಾಗುವುದಿಲ್ಲ ಎನ್ನುವುದು ಅಡುಗೆಮನೆಯಲ್ಲಿ ನಿಂತವರಿಗೆಲ್ಲ ಗೊತ್ತು. ಇಲ್ಲಿ ಹಿಟ್ಟಿನ ಜಾಗದಲ್ಲಿದ್ದದ್ದು ಬೆಳ್ಳಿಯ ತಟ್ಟೆ ಬಟ್ಟಲು. ಸುತ್ತ ಶತ್ರುಸೇನೆ, ಹೊರಗಿನಿಂದ ಹಣ ಬರುವ ದಾರಿಯಿಲ್ಲ, ಸಿಪಾಯಿಗೆ ಸಂಬಳ ಕೊಡಲೇಬೇಕು. ಪಾತ್ರೆಗಳನ್ನು ಕತ್ತರಿಸಿ ಮುದ್ರೆ ಒತ್ತಿದರು. ಕೆಲವು ನಾಣ್ಯಗಳ ಮೇಲೆ ಹಳೇ ಪಾತ್ರೆಯ ಚಿನ್ನದ ಲೇಪ ಇನ್ನೂ ಕಾಣುತ್ತದೆ.

ಇಂಗ್ಲೆಂಡಿನ ಈ ಅಂತರ್ಯುದ್ಧ ಒಂದನೇ ಚಾರ್ಲ್ಸ್ ದೊರೆಗೂ ಅವನ ಪಾರ್ಲಿಮೆಂಟಿಗೂ ನಡೆದದ್ದು. 1642ರಲ್ಲಿ ಶುರುವಾಯಿತು. ಹೆಸರಾಂತ ಕಾಳಗಗಳೆಂದರೆ ಮಾರ್ಸ್ಟನ್ ಮೂರ್, ನೇಸ್ಬಿ. ಅವು ಬಯಲಿನಲ್ಲಿ ಒಂದೊಂದು ದಿನದಲ್ಲಿ ಮುಗಿದವು. ಆದರೆ ಇಲ್ಲಿನ ಜನ ಅನುಭವಿಸಿದ ಯುದ್ಧ ಬೇರೆಯೇ. ನಾಟಿಂಗ್‌ಹ್ಯಾಮ್ ಕೋಟೆ ಪಾರ್ಲಿಮೆಂಟಿನ ಕಡೆ, ಮೂವತ್ತು ಕಿಲೋಮೀಟರಿನಷ್ಟು ದೂರದ ನ್ಯೂವಾರ್ಕ್ ರಾಜನ ಕಡೆ. ನಡುವಿನ ಹಳ್ಳಿಗಳಿಗೆ ಇವರೂ ಬಂದು ಕಂದಾಯ ಕೇಳುವರು, ಅವರೂ ಬಂದು ಕೇಳುವರು. ಕೊಡದಿದ್ದರೆ ದನ, ಕುದುರೆ, ಹುಲ್ಲು ಎಲ್ಲಾ ಹೊಡೆದುಕೊಂಡು ಹೋಗುವರು. ನನ್ನ ತವರು ಗದಗಿನ ಕಡೆ. ನಮ್ಮ ಭಾಗದ ಹಳ್ಳಿಗಳಲ್ಲಿ ಲೂಟಿಗೆ ಬಂದವರಿಂದ ತಪ್ಪಿಸಿಕೊಳ್ಳಲು ಕಟ್ಟಿದ ಹುಡೇವು ಎಂಬ ಕಾವಲು ಗೋಪುರಗಳು ಇಂದಿಗೂ ಅಲ್ಲಲ್ಲಿ ನಿಂತಿವೆ. ಈ ಹಳ್ಳಿಗಳ ಪಾಡನ್ನು ತಿಳಿದಾಗ ನನಗೆ ಮೊದಲು ನೆನಪಾದದ್ದು ಆ ಹುಡೇವುಗಳೇ.

ಇಷ್ಟು ಸಣ್ಣ ಊರಿಗೆ ಅಷ್ಟೊಂದು ಹಟವೇಕೆ? ಉತ್ತರಕ್ಕೆ ಹೋಗುವ ಹೆದ್ದಾರಿ ಮತ್ತು ರೋಮನ್ನರ ಕಾಲದ ಫಾಸ್ ವೇ ಎರಡೂ ಇಲ್ಲಿ ಕೂಡುತ್ತವೆ, ಟ್ರೆಂಟ್ ನದಿಯನ್ನು ದಾಟುವುದೂ ಇಲ್ಲೇ. ಆಕ್ಸ್‌ಫರ್ಡಿನಲ್ಲಿ ಕುಳಿತ ರಾಜನಿಗೆ ಉತ್ತರದ ನಂಟು ಉಳಿಯಬೇಕಾದರೆ ಈ ಊರು ಕೈಯಲ್ಲಿರಬೇಕು.

ಹಾಗಾಗಿ ಮೂರು ಸಲ ಮುತ್ತಿಗೆ ಬಿತ್ತು. ಮೊದಲನೆಯದು 1643ರ ಫೆಬ್ರವರಿಯಲ್ಲಿ, ಬೇಗನೇ ಸೋತು ಹೋಯಿತು. ಎರಡನೆಯದಕ್ಕೆ ಪಾರ್ಲಿಮೆಂಟಿನ ಕಡೆಯ ಸರ್ ಜಾನ್ ಮೆಲ್ಡ್ರಮ್ ಸುಮಾರು 7,000 ಜನರೊಂದಿಗೆ ಬಂದ. 1644ರ ಮಾರ್ಚ್ 21ರಂದು ರಾಜನ ಸೋದರಳಿಯ ಪ್ರಿನ್ಸ್ ರೂಪರ್ಟ್ ಬೀಕನ್ ಹಿಲ್ ಕಡೆಯಿಂದ ಎರಗಿದಾಗ ಮುತ್ತಿದವರೇ ಮುತ್ತಿಗೆಗೆ ಸಿಕ್ಕಿಬಿದ್ದರು. 3,000ಕ್ಕೂ ಹೆಚ್ಚು ಬಂದೂಕು, ಜೊತೆಗೆ ಫಿರಂಗಿಗಳನ್ನೂ ಬಿಟ್ಟು ಹೊರಟರು.

ಆ ಮುತ್ತಿಗೆಯ ಒಂದು ಕಥೆಯನ್ನು ಇಲ್ಲಿನವರು ಈಗಲೂ ಹೇಳುತ್ತಾರೆ. ಹರ್ಕ್ಯುಲಿಸ್ ಕ್ಲೇ ಎಂಬ ಊರ ಹಿರಿಯ, ಸಂತೆ ಚೌಕದ ಮೂಲೆಯಲ್ಲಿ ಮನೆ. ತನ್ನ ಮನೆಗೆ ಬೆಂಕಿ ಬಿದ್ದಂತೆ ಮೂರು ಸಲ ಕನಸು ಕಂಡನಂತೆ. ಹೆಂಡತಿ ಮಕ್ಕಳೊಂದಿಗೆ ಮನೆ ಬಿಟ್ಟ ಸ್ವಲ್ಪ ಹೊತ್ತಿಗೇ ಬೀಕನ್ ಹಿಲ್‌ನಿಂದ ಹಾರಿಬಂದ ಗುಂಡು ಮನೆಯನ್ನು ಸುಟ್ಟುಹಾಕಿತು. ಬದುಕಿದ್ದಕ್ಕೆ ಕೃತಜ್ಞತೆಯಾಗಿ ಉಯಿಲಿನಲ್ಲಿ 200 ಪೌಂಡ್ ಬರೆದಿಟ್ಟ: ಅರ್ಧ ಬಡವರಿಗೆ ಮಾರ್ಚ್ 11ರಂದು ರೊಟ್ಟಿ ಹಂಚಲು, ಅರ್ಧ ಚರ್ಚಿನಲ್ಲಿ ಪ್ರವಚನಕ್ಕೆ. ಕನಸಿನ ಮಾತನ್ನು ಯಾರು ಹೇಗೆ ಬೇಕಾದರೂ ನಂಬಲಿ, ರೊಟ್ಟಿಯ ದಾನ ಮಾತ್ರ ದಿಟ. ಈ ಘಟನೆಗೆ ಕೆಲವೆಡೆ 1643 ಎಂದು ಬರೆದಿರುವುದನ್ನು ಕಂಡು ತಲೆಕೆಡಿಸಿಕೊಂಡಿದ್ದೆ. ಆಗ ಇಂಗ್ಲೆಂಡಿನಲ್ಲಿ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ನಮ್ಮ ಯುಗಾದಿಯ ಆಸುಪಾಸಿನಲ್ಲಿ!

ಮೂರನೆಯ ಮುತ್ತಿಗೆಯೇ ಘೋರ. 1645ರ ನವೆಂಬರಿನಲ್ಲಿ ಶುರು. ಉತ್ತರಕ್ಕೆ ಪಾರ್ಲಿಮೆಂಟಿನೊಂದಿಗೆ ಕೈಜೋಡಿಸಿದ ಸ್ಕಾಟ್ ಸೇನೆ, ದಕ್ಷಿಣಕ್ಕೆ ಸಿಡ್ನಮ್ ಪಾಯಿಂಟ್ಜ್‌ನ ಇಂಗ್ಲಿಷ್ ಸೇನೆ, ಒಟ್ಟು ಸುಮಾರು 16,000 ಜನ. ಒಳಗೆ ಲಾರ್ಡ್ ಬೆಲಾಸಿಸ್‌ನ ಕೈಕೆಳಗೆ ಎರಡು ಸಾವಿರದಷ್ಟು ಸಿಪಾಯಿಗಳು, ಜೊತೆಗೆ ಊರವರು. ಮುತ್ತಿಗೆಗೆ ಮೊದಲೇ ಪಾಯಿಂಟ್ಜ್ ಹತ್ತಿರದ ಶೆಲ್ಫರ್ಡ್ ಹಳ್ಳಿಯ ಕೋಟೆಮನೆಗೆ ಲಗ್ಗೆ ಹಾಕಿ ಒಳಗಿದ್ದವರಲ್ಲಿ ಹೆಚ್ಚಿನವರನ್ನು ಕೊಲ್ಲಿಸಿದ್ದ. ಆ ಸುದ್ದಿ ಕೇಳಿದ ಮೇಲೆ ಈ ಊರಿನವರು ಯಾವ ಎದೆಯಿಂದ ರಾತ್ರಿ ಮಲಗುತ್ತಿದ್ದರೋ.

ಕ್ವೀನ್ಸ್ ಸ್ಕಾನ್ಸ್ ಎಂಬ ಅಂದಿನ ಮಣ್ಣಿನ ಕೋಟೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ರಾಣಿ ಹೆನ್ರಿಯೆಟಾ ಮರಿಯಾಳ ಹೆಸರು ಇಟ್ಟಿದ್ದಾರೆ. ಕೋಟೆಯೆಂದರೆ ಕಲ್ಲು, ಕಲ್ಲೆಂದರೆ ಬಲ ಎಂದು ನಂಬಿ ಬೆಳೆದವಳಿಗೆ ಈ ಹುಲ್ಲು ಮುಚ್ಚಿದ ದಿಬ್ಬ ಮೊದಲು ಏನೂ ಅನ್ನಿಸಿರಲಿಲ್ಲ. ಆಮೇಲೆ ತಿಳಿಯಿತು, ಫಿರಂಗಿ ಗುಂಡು ಬಡಿದರೆ ಕಲ್ಲು ಸೀಳುತ್ತದೆ, ಮಣ್ಣು ಗುಂಡನ್ನು ನುಂಗಿಕೊಳ್ಳುತ್ತದೆ. ನಾಲ್ಕು ಮೂಲೆಗೆ ಬಾಣದ ಮೊನೆಯಂತೆ ಚಾಚಿದ ಕೊತ್ತಲಗಳು, ಸುತ್ತ ಆಳದ ಕಂದಕ. ಯಾವ ಗೋಡೆಯ ಬುಡಕ್ಕೆ ಬಂದರೂ ಪಕ್ಕದ ಕೊತ್ತಲದಿಂದ ಗುಂಡು ತಾಗುತ್ತದೆ, ಮರೆ ಎಂಬುದೇ ಇಲ್ಲ. ಚಳಿಗಾಲದ ಬೆಳಿಗ್ಗೆ ಮಂಜು ಬಿದ್ದಾಗ ಅದರ ಮೇಲೆ ನಿಂತರೆ ಅಂಚುಗಳೆಲ್ಲ ಬರೆದಿಟ್ಟಂತೆ ಕಾಣುತ್ತವೆ. ಸಲಿಕೆ, ಬುಟ್ಟಿ ಹಿಡಿದು ಇಷ್ಟು ಮಣ್ಣು ಹೊತ್ತ ಬೆನ್ನುಗಳನ್ನು ನೆನೆಯದೆ ಅಲ್ಲಿಂದ ಇಳಿದು ಬಂದದ್ದೇ ಇಲ್ಲ ನಾನು.

ನದಿಯಾಚೆ ಬೀಡುಬಿಟ್ಟ ಸ್ಕಾಟ್ ಸಿಪಾಯಿಗಳು ತಮ್ಮ ಕೋಟೆ ಶಿಬಿರಕ್ಕೆ ಎಡಿನ್‌ಬರೋ ಎಂದು ಹೆಸರಿಟ್ಟುಕೊಂಡಿದ್ದರು. ಇದನ್ನು ಓದಿದ ದಿನ ಮನಸ್ಸು ಬಹಳ ಹೊತ್ತು ಅಲ್ಲೇ ನಿಂತಿತ್ತು. ಪರದೇಶದ ಕೆಸರಿನಲ್ಲಿ ಆರು ತಿಂಗಳು ನಿಲ್ಲಬೇಕಾದವರಿಗೆ ತಮ್ಮೂರ ಹೆಸರನ್ನಾದರೂ ಬಾಯಲ್ಲಿ ಆಡಬೇಕು ಅನ್ನಿಸಿರಬೇಕು. ಗೇಟಿನ ಮೇಲೆ ಕನ್ನಡದಲ್ಲಿ ಮನೆಯ ಹೆಸರು ಬರೆಸಿರುವ ನನಗೆ ಆ ಆಸೆ ಚೆನ್ನಾಗಿ ಗೊತ್ತು.

ಒಳಗೆ ಆಹಾರ ತೀರುತ್ತ ಬಂತು. ಇಕ್ಕಟ್ಟಿನ ಊರಲ್ಲಿ ಸಾಂಕ್ರಾಮಿಕ ಹಬ್ಬಿತು. ಆದರೂ ಅವರು ಕೋಟೆ ಬಿಟ್ಟುಕೊಡಲಿಲ್ಲ.

ಕಳೆದ ತಿಂಗಳು ಬಸ್ಸು ಹತ್ತಿ ಸೌತ್‌ವೆಲ್‌ಗೆ ಹೋಗಿದ್ದೆ. ಇಲ್ಲಿಂದ ಹನ್ನೆರಡು ಕಿಲೋಮೀಟರ್ ಆಗಬಹುದು. ಸಾರಸೆನ್ಸ್ ಹೆಡ್ ಎಂಬ ಹಳೇ ಛತ್ರದ ಕಟ್ಟಡ ಇಂದಿಗೂ ನಿಂತಿದೆ. 1646ರ ಏಪ್ರಿಲ್ ಕೊನೆಯಲ್ಲಿ ಕೂದಲು ಕತ್ತರಿಸಿಕೊಂಡು, ಆಳಿನ ವೇಷ ತೊಟ್ಟು ಆಕ್ಸ್‌ಫರ್ಡಿನಿಂದ ತಪ್ಪಿಸಿಕೊಂಡ ಚಾರ್ಲ್ಸ್ ಮೇ 5ರಂದು ಇಲ್ಲಿಗೆ ಬಂದು ಸ್ಕಾಟರ ಕೈಗೆ ತನ್ನನ್ನು ಒಪ್ಪಿಸಿಕೊಂಡ. ಅವನಿಗಾಗಿ ಆರು ತಿಂಗಳು ಹಸಿದ ಊರನ್ನು ಮುತ್ತಿ ಕುಳಿತಿದ್ದ ಅದೇ ಸೇನೆಗೆ. ಆಮೇಲೆ ನ್ಯೂವಾರ್ಕಿಗೆ ಅಪ್ಪಣೆ ಹೋಯಿತು: ಬಾಗಿಲು ತೆರೆಯಿರಿ. ಮೇಯರ್ ಒಪ್ಪದೆ, ದೇವರನ್ನು ನಂಬಿ ಹೊರನುಗ್ಗೋಣ ಎಂದನಂತೆ. ಇಂದಿಗೂ ಊರಿನ ಲಾಂಛನದಲ್ಲಿ ಲ್ಯಾಟಿನ್ನಿನಲ್ಲಿರುವುದು ಅದೇ ಮಾತು.

ಮೇ 8ರಂದು ಸಿಪಾಯಿಗಳು ಸಾಲಾಗಿ ಹೊರಬಂದರು. ಸ್ಕಾಟರು ರಾಜನನ್ನು ಕರೆದುಕೊಂಡು ಉತ್ತರಕ್ಕೆ ಹೊರಟರು. ಕೋಟೆಯನ್ನು ಪಾರ್ಲಿಮೆಂಟಿನವರು ಒಡೆಸಿ ಪಾಳುಗೆಡವಿದರು. ಊರವರು ರೋಗದ ಜೊತೆ ಊರಲ್ಲೇ ಉಳಿದರು.