ಒಂದು ಗಾಡಿ, ಇಬ್ಬರು

9 ನವೆಂಬರ್, ಶನಿವಾರ
ಕಲಬುರಗಿ, ರಾತ್ರಿ

ನಿದ್ದೆ ಬರುತ್ತಿಲ್ಲ. ಸಂಜೆ ತಮ್ಮ ಒಂದು ಮಾತು ಅಂದ. ಕೆಟ್ಟ ಮಾತೇನಲ್ಲ, ಅಕ್ಕನ ಮೇಲಿನ ಪ್ರೀತಿಯಿಂದಲೇ ಅಂದಿದ್ದು. ಆದರೂ ಅದು ತಲೆಯಿಂದ ಹೋಗುತ್ತಿಲ್ಲ.

ಮುಂದಿನ ವಾರ ರಾಷ್ಟ್ರೀಯ ಆಟೋಕ್ರಾಸ್ ಚಾಂಪಿಯನ್‌ಶಿಪ್‌ನ ಸುತ್ತು ಇದೆ. ಕೋನ್ ಇಟ್ಟು ಗುರುತು ಮಾಡಿದ ದಾರಿಯಲ್ಲಿ ಕಾರು ಓಡಿಸೋ ಆಟ ಇದು, ಕಡಿಮೆ ಸಮಯದಲ್ಲಿ ಮುಗಿಸಿದವರು ಗೆದ್ದಂತೆ. ನಾವಿಬ್ಬರೂ ಒಂದೇ ಕ್ಲಾಸಿಗೆ, ಅಂದರೆ ಸ್ಪರ್ಧೆಯ ಒಂದೇ ವಿಭಾಗಕ್ಕೆ ಹೆಸರು ಕೊಟ್ಟಿದ್ದೇವೆ. ಗಾಡಿ ಮಾತ್ರ ಒಂದೇ, ಅಪ್ಪನ ಹಳೇ ಎಸ್ಟೀಮ್. 1298 ಸಿಸಿ, ಮುಂದಿನ ಗಾಲಿ ಎಳೆಯುವ ಗಾಡಿ. ಒಬ್ಬರು ಓಡಿಸಿ ಬಂದು ಇಳಿಯಬೇಕು, ಇನ್ನೊಬ್ಬರು ಹತ್ತಬೇಕು. ಅವನು ನನಗಿಂತ ಒಂದು ಗೇಣು ಎತ್ತರ. ಅದಕ್ಕೇ ಸೀಟಿನ ಹಳಿಯ ಮೇಲೆ ಬಿಳಿ ಪೇಂಟಿನಲ್ಲಿ ಎರಡು ಗೆರೆ ಹಾಕಿದ್ದೇವೆ, ಮುಂದಿನದು ನನ್ನದು, ಹಿಂದಿನದು ಅವನದು. ಬೆಲ್ಟ್ ಕೂಡ ಪ್ರತಿ ಸಲ ಸಡಿಲಿಸಿ ಮತ್ತೆ ಬಿಗಿಯಬೇಕು. ಇದೆಲ್ಲ ಅಭ್ಯಾಸ ಆಗಿದೆ. ಮೊದಲು ಯಾರು ಹೋಗಬೇಕು ಅನ್ನೋದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.

ಕಾಲೇಜು ಮುಗಿಸಿ ನೇರ ಗ್ಯಾರೇಜಿಗೆ ಹೋಗಿದ್ದೆ. ಚಾಚಾ ಹ್ಯಾಂಡ್‌ಬ್ರೇಕ್ ನೋಡುತ್ತಿದ್ದರು. ನಮ್ಮ ಗಾಡಿಯ ಹ್ಯಾಂಡ್‌ಬ್ರೇಕ್ ಎಳೆದರೆ ಹಿಡಿದುಕೊಂಡು ನಿಲ್ಲುವುದಿಲ್ಲ. ಲಿವರನ್ನು ಹಿಡಿದು ನಿಲ್ಲಿಸುವ ಹಲ್ಲಿನ ಕೆಲಸ ತೆಗೆದುಬಿಟ್ಟಿದ್ದಾರೆ. ಎಳೆದಾಗ ಹಿಂದಿನ ಗಾಲಿ ಕಚ್ಚಬೇಕು, ಬಿಟ್ಟ ಕೂಡಲೇ ಬಿಡಬೇಕು, ಅಷ್ಟೇ. ಕೋನ್ ಸುತ್ತ ಗಾಡಿಯ ಬಾಲ ತಿರುಗಿಸೋದು ಅದರಿಂದಲೇ. ಆದರೆ ಬಲಕ್ಕೆ ತಿರುಗಿದಷ್ಟು ಚೆನ್ನಾಗಿ ಎಡಕ್ಕೆ ತಿರುಗುತ್ತಿರಲಿಲ್ಲ. ಚಾಚಾ ಹಿಂದೆ ಜಾಕ್ ಕೊಟ್ಟು ಎರಡೂ ಗಾಲಿ ಎತ್ತಿದರು. ಒಂದನ್ನು ನಾನು ತಿರುಗಿಸಿದೆ, ಇನ್ನೊಂದನ್ನು ಅಂಗಡಿಯ ಹುಡುಗ. ಚಾಚಾ ಒಳಗೆ ಕೂತು ಮೆಲ್ಲಗೆ ಲಿವರ್ ಎಳೆದರು. ನನ್ನ ಕೈಯ ಗಾಲಿ ಟಕ್ ಅಂತ ನಿಂತಿತು. ಹುಡುಗನದು ಇನ್ನೂ ಸ್ವಲ್ಪ ಸುತ್ತಿ, ಡ್ರಮ್ಮಿನೊಳಗೆ ಕರಕರ ಅಂದು, ಆಮೇಲೆ ನಿಂತಿತು. ಆ ಕಡೆಯ ಕೇಬಲ್ ಹಿಗ್ಗಿತ್ತು. ಇಷ್ಟು ದಿನ ನನ್ನ ಕೈಯಲ್ಲೇ ಏನೋ ಕೊರತೆ ಇದೆ ಅಂದುಕೊಂಡಿದ್ದೆ. ಕೊರತೆ ಕೇಬಲ್‌ನದು! ಎಷ್ಟು ಖುಷಿ ಆಯಿತು ಅಂದರೆ ಅಲ್ಲೇ ಎಲ್ಲರಿಗೂ ಚಹಾ ಹೇಳಿದೆ.

ಚಹಾ ಕುಡಿಯುವಾಗ ತಮ್ಮ ಬಂದ. ಬಂದವನೇ ಅಂದ:

"ಅಕ್ಕಾ, ನೀನೇ ಮೊದಲ ಹೋಗು. ನಾ ಆಮ್ಯಾಲ ಹೋಗ್ತೀನಿ."

"ಯಾಕ? ಮೊದಲ ಹೋದೋರಿಗೆ ಜಾರ್ತದ, ಗೊತ್ತದಲ್ಲ?"

ಇದು ಮಣ್ಣಿನ ಕೋರ್ಸ್. ಧೂಳು ಏಳಬಾರದು ಅಂತ ಟ್ಯಾಂಕರಿನಿಂದ ನೀರು ಹೊಡೆದಿರುತ್ತಾರೆ. ಮೊದಲ ಗಾಡಿಗಳಿಗೆ ಮೇಲಿನ ಪದರ ಜಾರುತ್ತದೆ. ನಾಲ್ಕು ಗಾಡಿ ಓಡಿದ ಮೇಲೆ ಸಡಿಲ ಮಣ್ಣು ಬದಿಗೆ ಸರಿದು ಗಟ್ಟಿ ನೆಲ ಸಿಗುತ್ತದೆ. ಇನ್ನೂ ಜಾಸ್ತಿ ಓಡಿದರೆ ತಿರುವಿನಲ್ಲಿ ಗುಂಡಿ ಬೀಳುತ್ತದೆ. ಒಟ್ಟಿನಲ್ಲಿ ಹಿಂದೆ ಹೋಗುವವರಿಗೆ ಸ್ವಲ್ಪ ಲಾಭ. ಆ ಲಾಭ ಅವನಿಗೆ ಬೇಕು ಅಂದುಕೊಂಡೆ. ಅದರಲ್ಲಿ ತಪ್ಪೇನಿಲ್ಲ.

"ಅದಕ್ಕಲ್ಲ ಅಕ್ಕಾ. ನೀ ಮೊದಲ ಹೋದ್ರ ಗಾಡಿ ನೆಟ್ಟಗ ವಾಪಸ್ ಬರ್ತದ. ನಾ ಮೊದಲ ಹೋದ್ರ ಏನ್ ಮುರೀತೀನೋ ಏನೋ. ಆಮ್ಯಾಲ ನಿನಗ ಗಾಡೀನೇ ಇರಂಗಿಲ್ಲ."

ಇದೇ ಆ ಮಾತು.

ಅವನು ನನ್ನ ಬಗ್ಗೆ ಯೋಚಿಸಿದ್ದಾನೆ, ನನ್ನ ಸರದಿ ಹಾಳಾಗಬಾರದು ಅಂತ. ಎಷ್ಟು ಒಳ್ಳೆಯವನು ಅಲ್ವಾ? ಆದರೆ ನಾನು ಹೋದರೆ ಗಾಡಿ ನೆಟ್ಟಗೆ ಬರುತ್ತದೆ ಅಂತ ಅವನಿಗೆ ಅಷ್ಟು ಖಾತ್ರಿ ಯಾಕೆ? ನಾನು ಪೂರ್ತಿ ಓಡಿಸುವುದಿಲ್ಲ ಅಂತ ಅವನಿಗೆ ಗೊತ್ತು. ನನಗೂ ಗೊತ್ತು. ನನ್ನ ಹಿಂದೆ ಅವನು ನಿಂತಿದ್ದಾನೆ ಅಂದರೆ ಕೊನೆಯ ತಿರುವಿನಲ್ಲಿ ನನ್ನ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಏಳುತ್ತದೆ. ಅವನ ಕಾಲು ಏಳುವುದಿಲ್ಲ. ಅವನಿಗೆ ನನ್ನ ಮೇಲೆ ಪ್ರೀತಿ ಕಡಿಮೆ ಅಂತಲ್ಲ. ಗಾಡಿಯೊಳಗೆ ಕೂತರೆ ಅವನಿಗೆ ಕೋನ್ ಬಿಟ್ಟು ಬೇರೆ ಏನೂ ಕಾಣುವುದಿಲ್ಲ. ಓಡಿಸುವವರು ಇರಬೇಕಾದದ್ದೇ ಹಾಗೆ.

ಚಾಚಾ ಕೇಳಿಸಿಕೊಂಡರು. ಕೈ ಒರೆಸುತ್ತಾ ಅಂದರು, "ಗಾಡಿ ಮುರದ್ರ ನಾ ಮಾಡ್ತೀನಿ ಬೇಟಾ. ನೀವಿಬ್ಬರೂ ಅಷ್ಟ ಮುರಕೊಬ್ಯಾಡ್ರಿ." ಅಷ್ಟು ಹೇಳಿ ಪಾನಾ ಹಿಡಿದು ಮತ್ತೆ ಗಾಡಿಯ ಕೆಳಗೆ ಹೋದರು.

ಬೀದರಿನ ಮಾಮಾ ರಾತ್ರಿ ಫೋನ್ ಮಾಡಿದ್ದರು. ನಾವು ಅಭ್ಯಾಸ ಮಾಡೋದು ಅವರ ಬೀಳು ಹೊಲದಲ್ಲೇ. ಇಲ್ಲಿ ಕಲಬುರಗಿಯ ಎರೆ ನೆಲದಲ್ಲಿ ಈ ಆಟ ಆಗುವುದಿಲ್ಲ. ಹಸಿ ಇದ್ದರೆ ಗಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಅದು ತೊಗರಿಗೆ, ಜೋಳಕ್ಕೆ ಇರುವ ಮಣ್ಣು. ಹುಮನಾಬಾದ್ ದಾಟಿ ಬೀದರ್ ಕಡೆ ಹೋದಂತೆ ನೆಲ ಕೆಂಪಾಗುತ್ತದೆ. ಬೀದರ್ ಕೋಟೆಯ ಕಂದಕವನ್ನು ಕಡೆದಿರೋದು ಅದೇ ಜಂಬಿಟ್ಟಿಗೆ ಕಲ್ಲಿನಲ್ಲಿ. ಮಾಮಾನ ಹೊಲದಲ್ಲಿ ಮೇಲೆ ಸಣ್ಣ ಕೆಂಪು ಹರಳು, ಕೆಳಗೆ ಗಟ್ಟಿ. ದಕ್ಷಿಣದ ಕೋರ್ಸುಗಳ ಮಣ್ಣಿಗೆ ನಮಗೆ ಸಿಗುವ ಹತ್ತಿರದ ಮಣ್ಣು ಅದೇ. ಸಿಮೆಂಟ್ ಚೀಲಕ್ಕೆ ಮಣ್ಣು ತುಂಬಿ ಕೋನ್ ಬದಲು ಇಡುತ್ತೇವೆ. ಮೇಲೆ ವಾಯುಪಡೆಯ ವಿಮಾನಗಳು ಹೋಗುತ್ತಿರುತ್ತವೆ, ಕೆಲವು ದಿನ ಸೂರ್ಯಕಿರಣ ತಂಡದವರು ಸಾಲಾಗಿ ಹೋಗುತ್ತಾರೆ. ಆಗ ತಮ್ಮ ಗಾಡಿ ನಿಲ್ಲಿಸಿ ಮೇಲೆ ನೋಡುತ್ತಾ ನಿಂತುಬಿಡುತ್ತಾನೆ.

ಮಾಮಾ ಕೇಳಿದರು, "ಇದು ಖರೇನೇ ಆಟ ಅನಸ್ಕೋತದೇನವಾ? ಸರಕಾರದೋರು ಇದಕ್ಕ ಬೆಲೆ ಕೊಡ್ತಾರೇನು?" ಕೊಂಕಿನಿಂದ ಕೇಳಿದ್ದಲ್ಲ. ಊರಿನವರು ಕೇಳಿದಾಗ ಅವರು ಉತ್ತರ ಹೇಳಬೇಕಲ್ಲ. 2019ರಲ್ಲಿ ಗೌರವ್ ಗಿಲ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು, ರ‍್ಯಾಲಿ ಓಡಿಸೋರು ಅವರು, ಕಾರಿನ ಆಟಕ್ಕೆ ಅದೇ ಮೊದಲ ಅರ್ಜುನ ಅಂತ ಹೇಳಿದೆ. "ಹಂಗಾದ್ರ ಚಲೋ" ಅಂದರು. ಆಮೇಲೆ, "ನಿಮಗೂ ಸಿಗ್ತದೇನು?" ನನಗೆ ನಗು ಬರಲಿಲ್ಲ. ಅವರು ಅಷ್ಟು ನಂಬಿ ಕೇಳಿದರು. ನಾವು ಹವ್ಯಾಸಕ್ಕೆ ಆಡುವವರು ಮಾಮಾ, ಕೆಲಸ ಬಿಟ್ಟು ಆಡುವವರಲ್ಲ, ಟೈರು ಪೆಟ್ರೋಲು ನಮ್ಮ ಸಂಬಳದಿಂದಲೇ ಅಂತ ಹೇಳಿದೆ. ಹೊಲ ನಿಮ್ಮದು, ಬಾಡಿಗೆ ಇಲ್ಲದೆ ಕೊಟ್ಟಿದ್ದೀರಿ, ಅದೇ ದೊಡ್ಡದು ಅಂತಲೂ ಹೇಳಿದೆ.

ಒಂದು ವಿಷಯ ಹೊಟ್ಟೆಗೆ ಬೆಂಕಿ ಹಾಕುತ್ತದೆ, ಬರೆದೇಬಿಡುತ್ತೇನೆ. ಈ ಆಟ ಎಲ್ಲ ಆ ಕಡೆಗೇ. ಬೆಂಗಳೂರು, ಚಿಕ್ಕಮಗಳೂರು, ಕೊಯಮತ್ತೂರು. ಸ್ಪರ್ಧೆಯ ಲೈಸೆನ್ಸ್ ಕೊಡುವ ಎಫ್‌ಎಂಎಸ್‌ಸಿಐ, ಅಂದರೆ ಈ ಆಟದ ಕ್ಲಬ್ಬುಗಳ ರಾಷ್ಟ್ರೀಯ ಒಕ್ಕೂಟ, ಇರೋದು ಚೆನ್ನೈನಲ್ಲಿ. ಅಲ್ಲಿನ ಹುಡುಗರು ಬೆಳಿಗ್ಗೆ ಎದ್ದು ಕೋರ್ಸಿಗೆ ಬರುತ್ತಾರೆ. ನಾವು ಹಿಂದಿನ ದಿನವೇ ಹೊರಡಬೇಕು. ಕಟ್ಟಿಸಂಗಾವಿ ಹತ್ತಿರ ಭೀಮಾ ದಾಟಿ, ಜೇವರ್ಗಿ, ಶಹಾಪುರ, ಸುರಪುರ, ಲಿಂಗಸುಗೂರು. ಅಲ್ಲಿಂದ ಮುಂದೆ ಇನ್ನೂ ದೂರ. ಅದೂ ಓಡಿಸಬೇಕಾದ ಗಾಡಿಯನ್ನೇ ಓಡಿಸಿಕೊಂಡು. ಸ್ಪರ್ಧೆಯ ಟೈರು ಡಿಕ್ಕಿಯಲ್ಲಿ, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮುಂದೆ ನನ್ನ ಕಾಲ ಹತ್ತಿರ. ಅಲ್ಲಿ ಗಾಡಿ ಮುರಿದರೆ ಮನೆಗೆ ಬರೋದು ಹೇಗೆ ಅನ್ನೋ ಚಿಂತೆ ಬೆಂಗಳೂರಿನವರಿಗೆ ಇರುವುದಿಲ್ಲ. ನನ್ನ ಕಾಲು ಏಳೋದಕ್ಕೆ ಇದೂ ಒಂದು ಕಾರಣ. ತಮ್ಮ ಒಬ್ಬನೇ ಕಾರಣ ಅಲ್ಲ. ಕಲಬುರಗಿಯಲ್ಲೋ ಬೀದರಿನಲ್ಲೋ ಒಂದು ಸುತ್ತು ನಡೆಯಲಿ. ಅಷ್ಟು ದೊಡ್ಡ ಬಯಲು ಇದೆ ನಮ್ಮಲ್ಲಿ. ನೋಡೋಕೆ ಎಷ್ಟು ಮಕ್ಕಳು ಬರುತ್ತಾರೆ ಅಂತ ಆಗ ಗೊತ್ತಾಗುತ್ತದೆ.

ಊಟ ಆದ ಮೇಲೆ ಮತ್ತೆ ಅಮೆರಿಕದ ಸೋಲೋ ನ್ಯಾಷನಲ್ಸ್ ವಿಡಿಯೋ ನೋಡಿದೆ, ಅದು ಅಲ್ಲಿನ ರಾಷ್ಟ್ರೀಯ ಆಟೋಕ್ರಾಸ್ ಸ್ಪರ್ಧೆ. ನೆಬ್ರಾಸ್ಕಾದ ಲಿಂಕನ್ ಅನ್ನೋ ಊರಿನಲ್ಲಿ, ಹಳೇ ವಾಯುನೆಲೆಯ ಕಾಂಕ್ರೀಟ್ ಮೇಲೆ ನಡೆಯುತ್ತದೆ. ಸಾವಿರಕ್ಕೂ ಜಾಸ್ತಿ ಜನ, ಬಹಳಷ್ಟು ಮಂದಿ ನಮ್ಮ ಹಾಗೆ ನೌಕರಿ ಮಾಡಿಕೊಂಡು ಆಡುವವರು. ಎರಡು ದಿನ, ಎರಡು ಕೋರ್ಸ್, ದಿನಕ್ಕೆ 3 ಓಟ. ಎರಡೂ ದಿನದ ಒಳ್ಳೆಯ ಸಮಯ ಕೂಡಿಸುತ್ತಾರೆ. ಒಂದು ಕೋನ್ ಬಿದ್ದರೆ 2 ಸೆಕೆಂಡ್ ಹೋಯಿತು. ಅಲ್ಲೂ ಗಂಡ ಹೆಂಡತಿ, ಅಪ್ಪ ಮಗಳು ಒಂದೇ ಗಾಡಿ ಹಂಚಿಕೊಳ್ಳುತ್ತಾರೆ. ಒಬ್ಬರು ಇಳಿದ ಕೂಡಲೇ ಜೊತೆಗಿರುವವರು ಟೈರಿಗೆ ನೀರು ಸಿಂಪಡಿಸುತ್ತಾರೆ, ಬಿಸಿ ಇಳಿಯಲಿ ಅಂತ. ಎಷ್ಟು ಬೇಗ ಮಾಡುತ್ತಾರೆ ಅದನ್ನು! ಅವರಲ್ಲೂ ಯಾರು ಮೊದಲು ಅಂತ ಮನೆಯಲ್ಲಿ ಮಾತು ಆಗುತ್ತಿರಬೇಕು.

ಪಿಯುಸಿ ಮಕ್ಕಳಿಗೆ ಈ ವಾರ ಘರ್ಷಣೆಯ ಪಾಠ ಮಾಡಿದೆ. ಟೈರಿಗೆ ಇರುವ ಹಿಡಿತ ಇಷ್ಟೇ ಅಂತ ಇರುತ್ತದೆ. ಅದನ್ನೆಲ್ಲ ಬ್ರೇಕಿಗೆ ಕೊಟ್ಟರೆ ತಿರುಗೋದಕ್ಕೆ ಏನೂ ಉಳಿಯುವುದಿಲ್ಲ. ಬೋರ್ಡಿನ ಮೇಲೆ ಗಾಡಿಯ ಚಿತ್ರ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಹಂಗಾದ್ರ ಬ್ರೇಕ್ ಯಾವಾಗ ಬಿಡಬೇಕ್ರಿ ಮೇಡಂ?" ಅಂತ ಕೇಳಿದಳು. ಇಷ್ಟು ಒಳ್ಳೆಯ ಪ್ರಶ್ನೆಯನ್ನು ಓಡಿಸುವವರೂ ಕೇಳುವುದಿಲ್ಲ. ಅವಳಿಗೆ ಒಂದು ದಿನ ಮಾಮಾನ ಹೊಲ ತೋರಿಸಬೇಕು, ಮನೆಯವರು ಕಳಿಸಿದರೆ.

ತಮ್ಮನ ಮಾತಿಗೇ ಬರುತ್ತೇನೆ. ಸ್ಪರ್ಧೆಗೆ ಮೊದಲು ಕೋರ್ಸ್ ಮೇಲೆ ನಡೆದು ನೋಡಲು ಬಿಡುತ್ತಾರೆ. ಓಡಿಸಿ ನೋಡುವಂತಿಲ್ಲ, ನಡೆದೇ ತಿಳಿದುಕೊಳ್ಳಬೇಕು. ನಾನು ಹೆಜ್ಜೆ ಎಣಿಸುತ್ತೇನೆ. ಅವನು ಪ್ರತಿ ತಿರುವಿನಲ್ಲೂ ಕುಕ್ಕರಗಾಲಲ್ಲಿ ಕೂರುತ್ತಾನೆ, ಸೀಟಿನಲ್ಲಿ ಕೂತಾಗ ಕಣ್ಣು ಎಷ್ಟು ಎತ್ತರಕ್ಕೆ ಇರುತ್ತದೋ ಅಷ್ಟಕ್ಕೆ. ನಿಂತರೆ ಸಲೀಸಾಗಿ ಕಾಣುವ ದಾರಿ ಕೂತರೆ ಮುಚ್ಚಿಹೋಗುತ್ತದೆ, ಬರೀ ಕೋನ್ ಗುಂಪು ಕಾಣುತ್ತದೆ. ಇದನ್ನು ನನಗೆ ಹೇಳಿಕೊಟ್ಟವನು ಅವನೇ. ನಾನು ಎಣಿಸಿದ ಹೆಜ್ಜೆಯ ಲೆಕ್ಕವನ್ನು ಅವನೂ ಕೇಳಿ ಬರೆದುಕೊಳ್ಳುತ್ತಾನೆ. ಅಲ್ಲಿಯವರೆಗೂ ನಾವು ಒಂದೇ ತಂಡ. ಹೆಲ್ಮೆಟ್ ಹಾಕಿದ ಮೇಲೆ ಪಟ್ಟಿಯಲ್ಲಿ ಎರಡು ಹೆಸರು, ಎರಡು ಸಮಯ. ಅವನ ಸಮಯಕ್ಕಿಂತ ನನ್ನದು ಕಡಿಮೆ ಇರಬೇಕು ಅಂತ ನನಗೆ ಆಸೆ ಇದೆ. ತುಂಬಾ ಇದೆ. ಇದನ್ನು ಅವನಿಗೆ ಯಾವತ್ತೂ ಹೇಳಿಲ್ಲ, ಅವನೂ ಕೇಳಿಲ್ಲ.

ಮನೆಯಲ್ಲಿ ಮೊದಲಿನಿಂದಲೂ ಹೀಗೇ. ಸೈಕಲ್ ಇಬ್ಬರಿಗೂ ಒಂದೇ ಇತ್ತು. ನಾನು ಹೋಗಿಬಂದರೆ ಗಾಳಿ ತುಂಬಿಸಿ ಇಡುತ್ತಿದ್ದೆ, ಅವನಿಗೆ ಬೇಕಲ್ಲ ಅಂತ. ಯಾರೂ ಹೇಳಿಕೊಟ್ಟಿದ್ದಲ್ಲ. ದೊಡ್ಡವರಿಗೆ ತಾನಾಗಿ ಬಂದುಬಿಡುತ್ತದೆ. ಈಗ ಬೇಸರ ಇಲ್ಲ, ಸುಮ್ನೆ ನೆನಪಾಯಿತು. ಆದರೆ ಒಂದೇ ಒಂದು ಓಟ, ಒಂದೂವರೆ ನಿಮಿಷ ಕೂಡ ಇರಲಿಕ್ಕಿಲ್ಲ, ಅಷ್ಟು ಹೊತ್ತು ನನ್ನ ಹಿಂದೆ ಯಾರೂ ಕಾಯುತ್ತಿಲ್ಲ ಅನ್ನೋ ಹಾಗೆ ಓಡಿಸಬೇಕು. ಗಾಡಿ ಮುರಿದರೆ ಮುರಿಯಲಿ ಅಂತಲ್ಲ. ಮುರಿಯಬಹುದು ಅನ್ನೋದು ನೆನಪಿಗೇ ಬರಬಾರದು.

ಅದಕ್ಕೆ ನಾನು ಎರಡನೆಯವಳಾಗಿ ಹೋಗಬೇಕು. ಅವನು ಮೊದಲು ಹೋಗಲಿ, ಮುರಿಯದೆ ತರಲಿ. ಒಂದು ಸಲ ಅವನೂ ನನಗಾಗಿ ಕಾಲು ಎತ್ತಲಿ ಅಂತ ಕೇಳಲಾ? ಅದು ಸರಿಯಲ್ಲ. ಅವನ ಓಟ ನಾನು ಯಾಕೆ ಕೆಡಿಸಬೇಕು? ಚೀಟಿ ಎತ್ತೋಣ ಅಂದರೆ ಒಪ್ಪುತ್ತಾನೆ, ಆದರೆ ಚೀಟಿಯಲ್ಲಿ ನನ್ನ ಹೆಸರು ಮೊದಲು ಬಂದರೆ ಮತ್ತೆ ಅದೇ ಕಥೆ.

ಮೊದಲ ಓಟಕ್ಕೆ ನಾನು ಮುಂದೆ, ಕೊನೆಯ ಓಟಕ್ಕೆ ಅವನು ಮುಂದೆ ಅಂತ ಮಾಡಿಕೊಂಡರೆ? ಆಗ ಕೊನೆಯ ಓಟದಲ್ಲಿ ನನ್ನ ಹಿಂದೆ ಯಾರೂ ಇರುವುದಿಲ್ಲ. ಸರದಿ ನಡುವೆ ಬದಲಿಸಲು ಬಿಡುತ್ತಾರೋ ಇಲ್ಲವೋ ನಿಯಮದ ಹಾಳೆಯಲ್ಲಿ ಇರಬೇಕು. ಹಾಳೆ ಗಾಡಿಯಲ್ಲೇ ಉಳಿದಿದೆ. ನಾಳೆ ಭಾನುವಾರ, ಚಾಚಾ ಅಂಗಡಿ ತೆಗೆಯೋದು ತಡ. ಅದಕ್ಕೂ ಮೊದಲು ತಮ್ಮನ ಹತ್ತಿರ ಕೂತು ಒಂದು ಸಲ ಕೇಳಿಬಿಡಬೇಕು, ನಾನು ಮೊದಲು ಹೋದರೆ ಗಾಡಿ ನೆಟ್ಟಗೇ ಬರುತ್ತದೆ ಅಂತ ಅವನು ಹೇಗೆ ಹೇಳಿದ ಅಂತ.